ರಿಪೋರ್ಟ್ ನಾರ್ಮಲ್, ಆದರೆ ನೋವು ನಿಜ: ದೇಹದಲ್ಲಿ ಕಾಣುವ ಮನಸ್ಸಿನ ಕಾಯಿಲೆಗಳ ಕರ್ನಾಟಕದ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ರೋಣದಿಂದ ಮಾತಾಡ್ತಿದೀನಿ. ಇವತ್ತಿನ ಸಂಚಿಕೆ ಇತಿಹಾಸದ್ದೇ, ಆದರೆ ರಾಜರು, ಶಾಸನ, ಗುಡಿಗಳ ಇತಿಹಾಸ ಅಲ್ಲ. ಒಂದು ಬಗೆಯ ಕಾಯಿಲೆಯ ಇತಿಹಾಸ. ಆ ಕಾಯಿಲೆ ಹುಟ್ಟೋದು ಮನಸ್ಸಿನ ಸಂಕಟದಲ್ಲಿ, ಕಾಣಿಸಿಕೊಳ್ಳೋದು ಮೈಯಲ್ಲಿ. ಅದನ್ನ ಅರ್ಥ ಮಾಡಿಕೊಳ್ಳೋಕೆ ಡಾಕ್ಟರುಗಳು ಏನೇನು ಹೆಸರಿಟ್ಟರು, ಯಾವ ಹೆಸರು ನಿಂತವು, ಯಾವ ಹೆಸರು ಬಿದ್ದುಹೋದವು, ಮತ್ತು ಇದರಲ್ಲಿ ನಮ್ಮ ಕರ್ನಾಟಕದ ಪಾಲು ಎಷ್ಟು ದೊಡ್ಡದು ಅನ್ನೋದು ಇವತ್ತಿನ ವಿಷಯ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದವನು. ಇಲ್ಲಿ ಹೇಳೋದು ಚರಿತ್ರೆ, ಚಿಕಿತ್ಸೆ ಅಲ್ಲ.

ನಮ್ಮ ಕಡೆ ಮಂದಿ ಹೆಂಗೆ ಮಾತಾಡ್ತಾರೆ ಅಂತ ಸ್ವಲ್ಪ ಕಿವಿಗೊಟ್ಟು ಕೇಳಿ. ‘ಎದಿಯಾಗ ಏನೋ ಕುಂತಂಗ ಆಗತೈತಿ.’ ‘ಮೈಯೆಲ್ಲಾ ಉರಿತೈತ್ರಿ.’ ‘ತಲಿ ಗಿಮ್ ಅಂತೈತಿ.’ ‘ಕೈಕಾಲು ಸತ್ತಂಗ ಆಗ್ಯಾವ.’ ‘ಜೀವಕ್ಕ ಸಮಾಧಾನ ಇಲ್ಲ.’ ಈ ಐದರಲ್ಲಿ ನಾಲ್ಕು ಮೈಯ ಮಾತು. ‘ನನಗ ಬೇಜಾರಾಗೈತಿ, ಬದುಕೋದ ಬ್ಯಾಡ ಅನಸತೈತಿ’ ಅಂತ ನೇರವಾಗಿ ಹೇಳೋರು ಕಡಿಮೆ. ಹಂಗಂತ ಬೇಜಾರು ಇಲ್ಲ ಅಂತ ಅಲ್ಲ. ಅದು ಬೇರೆ ದಾರಿಯಿಂದ ಹೊರಗೆ ಬರ್ತದೆ.

ನಮ್ಮ ದೊಡ್ಡವ್ವನಿಗೆ ಹಲವು ವರ್ಷ ಬೆನ್ನು, ಭುಜ, ತಲೆ ನೋವು. ಒಂದು ಆಸ್ಪತ್ರೆಯಲ್ಲಿ ರಕ್ತ, ಎಕ್ಸ್‌ರೇ, ಸ್ಕ್ಯಾನ್ ಎಲ್ಲಾ ಆಯ್ತು. ಕೊನೆಗೆ ‘ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ್ರಿ, ನಿಮಗ ಏನೂ ಆಗಿಲ್ಲ’ ಅಂದರು. ದೊಡ್ಡವ್ವ ಹೊರಗೆ ಬಂದು ಕೇಳಿದ್ದು ಒಂದೇ ಮಾತು: ‘ಏನೂ ಆಗಿಲ್ಲಂದ್ರ ಈ ನೋವು ಯಾರದಪಾ?’ ಈ ಪ್ರಶ್ನೆಗೆ ವೈದ್ಯಶಾಸ್ತ್ರ ನೂರೈವತ್ತು ವರ್ಷದಿಂದ ಉತ್ತರ ಹುಡುಕ್ತಾ ಇದೆ.

ಧಾರವಾಡದ ಗೋಡೆಯೊಳಗೆ ಬರದವರು

ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ರೋಣ ಇದ್ದಿದ್ದು ಧಾರವಾಡ ಜಿಲ್ಲೆಯಲ್ಲಿ, ಅದಕ್ಕೂ ಹಿಂದೆ ಮುಂಬೈ ಪ್ರಾಂತದಲ್ಲಿ. ಹಿಂಗಾಗಿ ನಮ್ಮವರಿಗೆ ‘ಧಾರವಾಡ’ ಅಂದರೆ ಪೇಢೆ, ಕಾಲೇಜು, ಸಾಹಿತ್ಯದ ಜೊತೆ ಇನ್ನೊಂದು ಅರ್ಥವೂ ಇತ್ತು. ಯಾರಾದರೂ ತಲೆಬುಡ ಇಲ್ಲದ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂತ ಚಾಷ್ಟಿ ಮಾಡ್ತಿದ್ದರು. ಅದಕ್ಕೆ ಕಾರಣ ಅಲ್ಲಿನ ಮಾನಸಿಕ ಆಸ್ಪತ್ರೆ. 1845ರಲ್ಲಿ ಬ್ರಿಟಿಷರ ಕಾಲದಲ್ಲಿ ‘ಲುನಾಟಿಕ್ ಅಸೈಲಮ್’ ಆಗಿ ಶುರುವಾದ ಆ ಸಂಸ್ಥೆಯೇ ಇವತ್ತಿನ ಡಿಮ್ಹಾನ್ಸ್. ಬೆಂಗಳೂರಿನ ಅಸೈಲಮ್ ಶುರುವಾಗಿದ್ದು 1847ರಲ್ಲಿ, ಡಾಕ್ಟರ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಕಾಲದಲ್ಲಿ. ಅದೇ ಮುಂದೆ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು.

ಆ ಅಸೈಲಮ್‌ಗಳಿಗೆ ಯಾರು ಹೋಗ್ತಿದ್ದರು? 1858ರ ಕಾನೂನು, ಆಮೇಲೆ 1912ರ ಇಂಡಿಯನ್ ಲುನಸಿ ಆ್ಯಕ್ಟ್, ಇವೆರಡರಲ್ಲೂ ಪೊಲೀಸ್ ಮತ್ತು ಮ್ಯಾಜಿಸ್ಟ್ರೇಟರ ಪಾತ್ರ ದೊಡ್ಡದು. ಬೀದಿಯಲ್ಲಿ ಅಲೆಯೋರು, ಹೊಡೆಬಡಿ ಮಾಡೋರು, ಮನೆಯವರಿಗೆ ಸಂಭಾಳಿಸೋಕೆ ಆಗದೋರು ಒಳಗೆ ಹೋಗ್ತಿದ್ದರು. ಎದೆ ಉರಿ ಅನ್ನೋ ಹೆಣ್ಣುಮಗಳು, ಶಕ್ತಿ ಸೋರಿ ಹೋಗ್ತಿದೆ ಅಂತ ಒಣಗ್ತಿರೋ ಹುಡುಗ ಆ ಗೋಡೆಯೊಳಗೆ ಹೋಗೋ ಪ್ರಶ್ನೆಯೇ ಇರಲಿಲ್ಲ. ಅವರು ಹೋಗಿದ್ದು ನಾಟಿ ವೈದ್ಯರ ಕಡೆ, ಗುಡಿಗೆ, ದರ್ಗಾಕ್ಕೆ, ತಾಯತ ಕಟ್ಟೋರ ಕಡೆ, ಊರಿನ ಎಲ್‌ಎಂಪಿ ಡಾಕ್ಟರ ಕಡೆ. ಹೊರರೋಗಿ ವಿಭಾಗಗಳು ಬೆಳೆದ ಮೇಲೆಯೇ ಮನೋವೈದ್ಯರು ಇಂಥವರನ್ನ ದೊಡ್ಡ ಸಂಖ್ಯೆಯಲ್ಲಿ ನೋಡೋಕೆ ಶುರು ಮಾಡಿದ್ದು. ನೋಡಿದಾಗ ಅವರ ಕೈಯಲ್ಲಿದ್ದ ಪುಸ್ತಕ ಮಾತ್ರ ಯುರೋಪಿನದು.

ಆ ಪುಸ್ತಕದಲ್ಲಿ ಇದಕ್ಕಿದ್ದ ಹೆಸರು ‘ಹಿಸ್ಟೀರಿಯಾ’. ಗ್ರೀಕ್ ಭಾಷೆಯ ಗರ್ಭಕೋಶ ಅನ್ನೋ ಪದದಿಂದ ಬಂದದ್ದು. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಅನ್ನೋ ನರವೈದ್ಯ 19ನೇ ಶತಮಾನದ ಕೊನೆಯಲ್ಲಿ ಇಂಥ ರೋಗಿಗಳನ್ನ ಸಭೆಯಲ್ಲಿ ನಿಲ್ಲಿಸಿ ತೋರಿಸ್ತಿದ್ದ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾ ಮೇಲೆ ಪುಸ್ತಕ ತಂದರು. ಹೇಳಿಕೊಳ್ಳೋಕೆ ಆಗದ ನೋವು ದೇಹದ ಲಕ್ಷಣವಾಗಿ ‘ಬದಲಾಗುತ್ತೆ’ ಅನ್ನೋದು ಅವರ ವಾದ. ‘ಕನ್ವರ್ಷನ್’ ಅನ್ನೋ ಪದ ಇವತ್ತಿಗೂ ಡಾಕ್ಟರುಗಳ ಬಾಯಲ್ಲಿ ಉಳಿದಿರೋದು ಅಲ್ಲಿಂದ.

ಸಸ್ಪೆನ್ಸ್ ಅಕೌಂಟು

ಇಲ್ಲಿ ನನ್ನ ಕಾಮರ್ಸ್ ಸ್ವಲ್ಪ ಕೆಲಸಕ್ಕೆ ಬರ್ತದೆ. ಲೆಕ್ಕ ಬರೆಯುವಾಗ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಲಿಲ್ಲ ಅನ್ನಿ. ಎಲ್ಲಿ ತಪ್ಪಾಗಿದೆ ಗೊತ್ತಿಲ್ಲ. ಆಗ ವ್ಯತ್ಯಾಸದ ಮೊತ್ತವನ್ನ ತಾತ್ಕಾಲಿಕವಾಗಿ ‘ಸಸ್ಪೆನ್ಸ್ ಅಕೌಂಟ್’ ಅನ್ನೋ ಖಾತೆಗೆ ಹಾಕ್ತಾರೆ. ತಪ್ಪು ಸಿಕ್ಕ ಮೇಲೆ ಅಲ್ಲಿಂದ ತೆಗೆದು ಸರಿಯಾದ ಖಾತೆಗೆ ಹಾಕಬೇಕು. ಆ ಖಾತೆ ವರ್ಷಗಟ್ಟಲೆ ಹಂಗೇ ಉಳಿದರೆ ಆಡಿಟರ್ ಸುಮ್ಮನೆ ಬಿಡೋದಿಲ್ಲ.

ಹಿಸ್ಟೀರಿಯಾ ಅನ್ನೋದು ವೈದ್ಯಶಾಸ್ತ್ರದ ಸಸ್ಪೆನ್ಸ್ ಅಕೌಂಟ್ ಆಗಿತ್ತು. ತಾಳೆ ಆಗದ್ದೆಲ್ಲಾ ಅದರೊಳಗೆ. 1960ರ ದಶಕದಲ್ಲಿ ಅಂಥದ್ದೇ ಇನ್ನೊಂದು ಖಾತೆ ತೆರೀತು: ‘ಕಲ್ಚರ್ ಬೌಂಡ್ ಸಿಂಡ್ರೋಮ್’. ಅಂದರೆ ಒಂದು ಸಂಸ್ಕೃತಿಗೆ ಮಾತ್ರ ಕಟ್ಟುಬಿದ್ದ ಕಾಯಿಲೆ. ಹಾಂಗ್‌ಕಾಂಗಿನ ಮನೋವೈದ್ಯ ಪಿ.ಎಂ. ಯಾಪ್ ಈ ಮಾತನ್ನ ಚಾಲ್ತಿಗೆ ತಂದರು. ಆಗ್ನೇಯ ಏಷ್ಯಾದಲ್ಲಿ ಜನನಾಂಗ ಒಳಗೆ ಸೇರಿಹೋಗ್ತಿದೆ ಅಂತ ಗಾಬರಿಯಾಗೋ ‘ಕೊರೊ’ ಇಂಥದ್ದಕ್ಕೆ ಪ್ರಸಿದ್ಧ ಉದಾಹರಣೆ.

ಭಾರತದ ಪಾಲಿಗೆ ಬಂದದ್ದು ‘ಧಾತ್ ಸಿಂಡ್ರೋಮ್’. ಈ ಹೆಸರನ್ನ 1960ರಲ್ಲಿ ಕೊಟ್ಟವರು ಮನೋವೈದ್ಯ ನರೇಂದ್ರನಾಥ್ ವಿಗ್. ವೀರ್ಯ ಹೋಗ್ತಿದೆ, ಅದರ ಜೊತೆ ಬಲವೂ ಹೋಗ್ತಿದೆ ಅನ್ನೋ ಭಯ. ಸುಸ್ತು, ಮೈಕೈ ನೋವು, ನಿದ್ದೆ ಇಲ್ಲ, ಹಸಿವಿಲ್ಲ, ಎದೆ ಡವಡವ. ತಪಾಸಣೆ ಮಾಡಿದರೆ ದೇಹದಲ್ಲಿ ಕಾರಣ ಸಿಗೋದಿಲ್ಲ. 1975ರಲ್ಲಿ ಮಲ್ಹೋತ್ರಾ ಮತ್ತು ವಿಗ್ ಇದರ ಮೇಲೆ ಬರೆದ ಲೇಖನ ಬಹಳ ಕಡೆ ಉಲ್ಲೇಖ ಆಯ್ತು. ‘ಧಾತು’ ಪದ ನಮಗೆ ಹೊಸದಲ್ಲ. ಆಯುರ್ವೇದದ ಸಪ್ತಧಾತುಗಳಲ್ಲಿ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ ಆದಮೇಲೆ ಕೊನೆಯದು ಶುಕ್ರ. ಎಲ್ಲದರ ಸಾರ ಅದು, ಅದು ಹೋದರೆ ಎಲ್ಲಾ ಹೋಯ್ತು ಅನ್ನೋ ನಂಬಿಕೆ ಹಳ್ಳಿಹಳ್ಳಿಯಲ್ಲಿ ಬೇರೂರಿದೆ. ಆ ಭಯದ ಮೇಲೆ ಒಂದು ವ್ಯಾಪಾರವೇ ನಡೀತದೆ. ಬಸ್ ಸ್ಟ್ಯಾಂಡಿನ ಗೋಡೆ, ಮೂತ್ರಿಖಾನೆ, ಕರೆಂಟ್ ಕಂಬ, ಎಲ್ಲಿ ನೋಡಿದರೂ ‘ಗುಪ್ತರೋಗ’ದ ಚೀಟಿ ಅಂಟಿಸಿರ್ತಾರೆ. ಹುಡುಗರು ಮನೆಯಲ್ಲಿ ಹೇಳದೆ ಅಲ್ಲಿಗೆ ದುಡ್ಡು ಸುರೀತಾರೆ. ವೀರ್ಯ ಹೋದರೆ ಬಲ ಹೋಗುತ್ತೆ ಅನ್ನೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಆದರೆ ಆ ಹುಡುಗನ ಸುಸ್ತು, ನಿದ್ದೆಗೇಡು ಸುಳ್ಳಲ್ಲ. ಇಂಥವರಲ್ಲಿ ಬಹಳ ಜನಕ್ಕೆ ಒಳಗೆ ಖಿನ್ನತೆ ಅಥವಾ ಆತಂಕ ಇರ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ.

ಇದು ಭಾರತದ್ದು ಮಾತ್ರಾನಾ? 1760ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಟಿಸ್ಸೊ ವೀರ್ಯನಾಶದಿಂದ ಏನೇನು ಕಾಯಿಲೆ ಬರುತ್ತೆ ಅಂತ ಒಂದು ಪುಸ್ತಕವನ್ನೇ ಬರೆದಿದ್ದ. 19ನೇ ಶತಮಾನದ ಯುರೋಪ್, ಅಮೆರಿಕದಲ್ಲಿ ಡಾಕ್ಟರುಗಳೇ ಆ ಭಯ ಹಂಚ್ತಿದ್ದರು. 2004ರಲ್ಲಿ ಸುಮತಿಪಾಲ, ಸಿರಿಬದ್ದನ ಮತ್ತು ಭುಗ್ರಾ ಇದನ್ನೇ ಎತ್ತಿ ತೋರಿಸಿ, ಧಾತ್ ಸಿಂಡ್ರೋಮನ್ನ ಒಂದೇ ಸಂಸ್ಕೃತಿಗೆ ಕಟ್ಟಿಹಾಕೋದು ಸರಿಯಲ್ಲ ಅಂತ ವಾದಿಸಿದರು. ಪಶ್ಚಿಮದಲ್ಲಿ ಆ ನಂಬಿಕೆ ಕಾಲಕ್ರಮೇಣ ಕರಗಿತು, ಇಲ್ಲಿ ಉಳೀತು, ಅಷ್ಟೇ.

ಕೋಟ ಮತ್ತು ಕರಾವಳಿ

ಈಗ ಕರ್ನಾಟಕದ ಕಥೆಗೆ ಬರೋಣ. ಶಿವರಾಮ ಕಾರಂತರ ಹುಟ್ಟೂರು ಕೋಟ ಎಲ್ಲರಿಗೂ ಗೊತ್ತು. ಮನೋವೈದ್ಯಶಾಸ್ತ್ರದ ಚರಿತ್ರೆಯಲ್ಲೂ ಆ ಊರಿಗೆ ಜಾಗ ಇದೆ. ಎಡಿನ್‌ಬರೋದಲ್ಲಿ ಪ್ರೊಫೆಸರ್ ಆಗಿದ್ದ ಮಾರಿಸ್ ಕಾರ್‌ಸ್ಟೇರ್ಸ್, ಮುಂದೆ ನಿಮ್ಹಾನ್ಸ್‌ನಲ್ಲಿ ಪ್ರೊಫೆಸರ್ ಆದ ಆರ್.ಎಲ್. ಕಪೂರ್, ಇಬ್ಬರೂ ಸೇರಿ ಕೋಟದಲ್ಲಿ ಮನೆಮನೆ ಅಧ್ಯಯನ ಮಾಡಿ 1976ರಲ್ಲಿ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಅನ್ನೋ ಪುಸ್ತಕ ತಂದರು. ಕಾರ್‌ಸ್ಟೇರ್ಸ್ ಇದಕ್ಕೂ ಮೊದಲು ರಾಜಸ್ಥಾನದ ಹಳ್ಳಿಯೊಂದರಲ್ಲಿ ಕೆಲಸ ಮಾಡಿ, 1957ರಲ್ಲಿ ‘ದ ಟ್ವೈಸ್ ಬಾರ್ನ್’ ಬರೆದಿದ್ದರು. ವೀರ್ಯನಾಶದ ಭಯದ ಬಗ್ಗೆ ಅದರಲ್ಲೂ ಇತ್ತು.

ಕೋಟದಲ್ಲಿ ಅವರು ಬ್ರಾಹ್ಮಣರು, ಬಂಟರು, ಮೊಗೇರರು ಹೀಗೆ ಮೂರು ಸಮುದಾಯಗಳನ್ನ ನೋಡಿದರು. ಆಸ್ಪತ್ರೆಗೆ ಬಂದವರನ್ನ ಎಣಿಸದೆ, ಮನೆಯಲ್ಲೇ ಇರೋ ಸಾಮಾನ್ಯ ಜನರನ್ನ ಮಾತಾಡಿಸಿದ್ದು ಇದರ ವಿಶೇಷ. ಪಶ್ಚಿಮದ ಪ್ರಶ್ನಾವಳಿಯನ್ನ ಹಂಗೇ ಎತ್ತಿಕೊಂಡು ಬರಲಿಲ್ಲ, ಭಾರತದ ಪರಿಸ್ಥಿತಿಗೆ ತಕ್ಕಂತೆ ‘ಇಂಡಿಯನ್ ಸೈಕಿಯಾಟ್ರಿಕ್ ಸರ್ವೆ ಷೆಡ್ಯೂಲ್’ ಅನ್ನೋ ಸಂದರ್ಶನ ವಿಧಾನ ತಯಾರು ಮಾಡಿದರು. ಕಪೂರ್ 1975ರಲ್ಲಿ ಬರೆದ ಲೇಖನದಲ್ಲಿ ಆ ಊರಿನ ಜನ ಯಾರ್ಯಾರ ಕಡೆ ಹೋಗ್ತಾರೆ ಅನ್ನೋದಿದೆ: ನಾಡವೈದ್ಯರು, ಮಂತ್ರವಾದಿಗಳು, ದರ್ಶನ ಬರುವ ಪಾತ್ರಿಗಳು, ಜೊತೆಗೆ ಇಂಗ್ಲಿಷ್ ಔಷಧದ ಡಾಕ್ಟರುಗಳು. ಒಬ್ಬರನ್ನ ಬಿಟ್ಟು ಒಬ್ಬರು ಅಂತಿಲ್ಲ, ಎರಡೂ ಕಡೆ ಹೋಗ್ತಾರೆ. ನಮ್ಮ ರೋಣದಲ್ಲಿ ಇವತ್ತು ಯಾರನ್ನ ಕೇಳಿದರೂ ಇದೇ ಉತ್ತರ ಬರ್ತದೆ: ‘ಇಂಜೆಕ್ಷನ್ನೂ ಮಾಡಿಸೇವಿ, ಅಂಗಾರಾನೂ ಹಚ್ಚೇವಿ.’

ಅದೇ ಕರಾವಳಿಯಿಂದ ಇನ್ನೊಂದು ದೊಡ್ಡ ವಿಚಾರ ಬಂತು. ಮಾರ್ಕ್ ನಿಕ್ಟರ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞ ದಕ್ಷಿಣ ಕನ್ನಡದಲ್ಲಿ ಹವ್ಯಕ ಬ್ರಾಹ್ಮಣ ಹೆಣ್ಣುಮಕ್ಕಳ ನಡುವೆ ಅಧ್ಯಯನ ಮಾಡಿ 1981ರಲ್ಲಿ ಒಂದು ಲೇಖನ ಬರೆದರು. ಆ ಲೇಖನ ಚಲಾವಣೆಗೆ ತಂದ ಮಾತು ‘ಇಡಿಯಮ್ಸ್ ಆಫ್ ಡಿಸ್ಟ್ರೆಸ್’. ಸಂಕಟದ ನುಡಿಗಟ್ಟು ಅನ್ನಬಹುದು. ಮನೆಯಲ್ಲಿ ಬಾಯಿ ಬಿಟ್ಟು ಹೇಳೋಕೆ ಅವಕಾಶ ಇಲ್ಲದ ಹೆಣ್ಣುಮಗಳು ಊಟದ ಮೂಲಕ, ಮಡಿಯ ಮೂಲಕ, ಮುಟ್ಟಿನ ತೊಂದರೆಯ ಮೂಲಕ, ದೆವ್ವ ಹಿಡಿಯುವುದರ ಮೂಲಕ ತನ್ನ ಸಂಕಟ ಹೇಳ್ತಾಳೆ. ಇದು ನಾಟಕ ಅಲ್ಲ, ಅವಳಿಗೆ ಸಿಕ್ಕಿರೋ ಭಾಷೆ ಅದು. ಭಾಷೆಯನ್ನ ಕಾಯಿಲೆ ಅಂತ ಬರೆದುಕೊಳ್ಳೋ ಮೊದಲು, ಅವಳು ಏನು ಹೇಳ್ತಿದ್ದಾಳೆ ಅಂತ ಕೇಳಬೇಕು.

ಇವತ್ತು ಜಗತ್ತಿನಾದ್ಯಂತ ಮಾನಸಿಕ ಆರೋಗ್ಯದ ಪಠ್ಯಗಳಲ್ಲಿ ಈ ಮಾತು ಬರ್ತದೆ. ಅದರ ಬೇರು ನಮ್ಮ ಕರಾವಳಿಯ ಅಡುಗೆಮನೆಗಳಲ್ಲಿದೆ ಅನ್ನೋದು ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲ.

ಬಿಳಿ ಸೆರಗು

ಧಾತು ಅಂದಾಗ ಎಲ್ಲರೂ ಗಂಡಸರ ಬಗ್ಗೆ ಮಾತಾಡಿದರು. ಹೆಣ್ಣುಮಕ್ಕಳದ್ದು? ನಿಮ್ಹಾನ್ಸ್‌ನ ಮನೋವೈದ್ಯ ಎಸ್.ಕೆ. ಚತುರ್ವೇದಿ 1988ರಲ್ಲಿ ಬಿಳಿ ಸೆರಗಿನ ದೂರು ತರುವ ಹೆಣ್ಣುಮಕ್ಕಳ ಬಗ್ಗೆ ಬರೆದರು. ಸುಸ್ತು, ಸೊಂಟ ನೋವು, ಕೈಕಾಲು ಸೆಳೆತ, ಇದಕ್ಕೆಲ್ಲಾ ಬಿಳಿ ಸೆರಗೇ ಕಾರಣ, ಮೈಯ ಸತ್ವ ಹೋಗ್ತಿದೆ ಅನ್ನೋ ನಂಬಿಕೆ. ಗಂಡಸರ ಧಾತುವಿನ ಕಥೆಗೆ ಇದು ಜೋಡಿ.

ಮುಂದೆ ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು ಎರಡೂವರೆ ಸಾವಿರ ಹೆಣ್ಣುಮಕ್ಕಳ ಸಮೀಕ್ಷೆ ಮಾಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬಿಳಿ ಸೆರಗಿನ ದೂರಿಗೂ ಸೋಂಕಿಗೂ ಇದ್ದ ನಂಟಿಗಿಂತ, ಆ ದೂರಿಗೂ ಮಾನಸಿಕ-ಸಾಮಾಜಿಕ ಕಷ್ಟಗಳಿಗೂ ಇದ್ದ ನಂಟು ಗಟ್ಟಿ. ಇದರಿಂದ ಏನಾಗಬೇಕು? ಬಿಳಿ ಸೆರಗು ಅಂದ ಕೂಡಲೇ ಆ್ಯಂಟಿಬಯಾಟಿಕ್ ಬರೆದುಕೊಟ್ಟು ಕಳಿಸಿದರೆ ಬಹಳ ಜನಕ್ಕೆ ಬೇಕಾದ ಸಹಾಯ ಸಿಗೋದೇ ಇಲ್ಲ. ಆದರೆ ಸೋಂಕು ಇರೋರೂ ಇದ್ದಾರೆ, ತಪಾಸಣೆ ಬಿಡೋ ಹಾಗಿಲ್ಲ. ಎರಡೂ ಪ್ರಶ್ನೆ ಕೇಳಬೇಕು. ಸೋಂಕು ಇದೆಯಾ? ಮನೆಯಲ್ಲಿ ಹೆಂಗಿದೀರವ್ವಾ?

ಬೆಂಗಳೂರಿನ 80 ಜನ

ನನ್ನ ಪ್ರಕಾರ ಇವತ್ತಿನ ಸಂಚಿಕೆಯ ಮುಖ್ಯ ಭಾಗ ಇದು. 1990ರ ದಶಕದಲ್ಲಿ ನಿಮ್ಹಾನ್ಸ್‌ನ ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ, ಇವರ ಜೊತೆ ಮಿಚೆಲ್ ವೈಸ್ ಅನ್ನೋ ಸಂಶೋಧಕ ಸೇರಿ ಬೆಂಗಳೂರಿನಲ್ಲಿ ಒಂದು ಹೊಸ ರೀತಿಯ ಸಂದರ್ಶನ ಬಳಸಿದರು. ಅದರ ಹೆಸರು ‘ಎಮಿಕ್’. ರೋಗಿಗೆ ಯಾವ ಕಾಯಿಲೆ ಅಂತ ಡಾಕ್ಟರ್ ನಿರ್ಧಾರ ಮಾಡೋದಷ್ಟೇ ಅಲ್ಲ, ರೋಗಿಯೇ ತನ್ನ ಕಾಯಿಲೆಯನ್ನ ಏನಂತ ಕರೀತಾನೆ, ಯಾಕೆ ಬಂತು ಅಂತಾನೆ, ಯಾವುದು ಹೆಚ್ಚು ಕಾಡುತ್ತೆ, ಯಾರಿಗೆ ಹೇಳೋಕೆ ಹಿಂಜರೀತಾನೆ ಅಂತ ಕ್ರಮವಾಗಿ ಕೇಳಿ ಬರೆದುಕೊಳ್ಳೋದು.

1996ರಲ್ಲಿ ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಅವರ ಲೇಖನ ಬಂತು. 80 ಜನ ಹೊರರೋಗಿಗಳ ಅಧ್ಯಯನ. ಕಳಂಕ, ಖಿನ್ನತೆ, ದೈಹಿಕ ಲಕ್ಷಣ ಈ ಮೂರಕ್ಕೂ ಏನು ಸಂಬಂಧ ಅಂತ ನೋಡಿದರು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಾವನೆಯೂ ಹೆಚ್ಚಿತ್ತು. ದೈಹಿಕ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಾವನೆ ಕಡಿಮೆ ಇತ್ತು. ಕಾರಣ ರೋಗಿಗಳ ಮಾತಿನಲ್ಲೇ ಸಿಕ್ತು. ಮೈನೋವು, ತಲೆನೋವು ಎಲ್ಲರಿಗೂ ಆಗಾಗ ಬರುವಂಥದ್ದು, ಹೇಳಿಕೊಂಡರೆ ಯಾರೂ ಬೇರೆ ಥರ ನೋಡೋದಿಲ್ಲ. ದುಃಖ, ನಿರಾಸೆ, ಸಾಯಬೇಕು ಅನ್ನೋ ಯೋಚನೆ ಹೇಳಿಕೊಂಡರೆ ಜನ ಬೇರೆ ಥರ ನೋಡ್ತಾರೆ, ಮದುವೆ ಸಂಬಂಧಕ್ಕೆ ತೊಂದರೆ ಆಗುತ್ತೆ.

ಇದನ್ನ ಸ್ವಲ್ಪ ಯೋಚನೆ ಮಾಡಿ. ‘ಭಾರತದವರಿಗೆ ತಮ್ಮ ಭಾವನೆ ಗುರುತಿಸೋಕೆ ಬರೋದಿಲ್ಲ, ಅದಕ್ಕೇ ಮೈನೋವು ಅಂತಾರೆ’ ಅನ್ನೋ ಒಂದು ಹಳೆಯ ಅಭಿಪ್ರಾಯ ಪಶ್ಚಿಮದಲ್ಲಿತ್ತು. ಬೆಂಗಳೂರಿನ ಈ ಅಧ್ಯಯನ ಆ ಅಭಿಪ್ರಾಯದ ಬುಡಕ್ಕೇ ಕೈ ಹಾಕಿತು. ಜನಕ್ಕೆ ಗೊತ್ತಿದೆ. ಎಲ್ಲಿ ಯಾವ ಮಾತಾಡಿದರೆ ಏನಾಗುತ್ತೆ ಅನ್ನೋದೂ ಗೊತ್ತಿದೆ. ಮದುವೆ ವಯಸ್ಸಿನ ಮಗಳಿದ್ದ ಮನೆಯಲ್ಲಿ ‘ಅಕಿಗೆ ತಲಿನೋವು’ ಅಂತ ಹೇಳಬಹುದು, ‘ಅಕಿಗೆ ಖಿನ್ನತೆ’ ಅಂತ ಹೇಳೋಕಾಗಲ್ಲ. ಹಂಗಂತ ಆ ತಲೆನೋವು ಬೇಕಂತ ಆರಿಸಿಕೊಂಡದ್ದು ಅಂತ ಅಲ್ಲ. ನೋವು ನಿಜವಾಗಿ ಆಗ್ತಿರ್ತದೆ. ಖಿನ್ನತೆಯಲ್ಲಿ ನಿದ್ದೆ, ಹಸಿವು, ಸ್ನಾಯು, ನೋವಿನ ಅರಿವು ಎಲ್ಲಾ ಏರುಪೇರಾಗ್ತವೆ. ಅದರಲ್ಲಿ ಯಾವುದನ್ನ ಬಾಯಿಬಿಟ್ಟು ಹೇಳಬಹುದು ಅನ್ನೋದನ್ನ ಸಮಾಜ ತೀರ್ಮಾನ ಮಾಡ್ತದೆ.

ಇನ್ನೊಂದು ಬದಿಯ ಅಪಾಯ

ಇಷ್ಟು ಕೇಳಿದ ಮೇಲೆ ‘ಓಹೋ, ಕಾರಣ ಸಿಗದ ನೋವೆಲ್ಲಾ ಮನಸ್ಸಿನದೇ’ ಅಂತ ಅಂದುಕೊಳ್ಳೋದು ಸುಲಭ. ಅಲ್ಲೇ ಅಪಾಯ ಇರೋದು.

1965ರಲ್ಲಿ ಲಂಡನ್ನಿನ ಎಲಿಯಟ್ ಸ್ಲೇಟರ್, ಹಿಂದೆ ಹಿಸ್ಟೀರಿಯಾ ಅಂತ ಬರೆಸಿಕೊಂಡಿದ್ದ 85 ಜನ ವರ್ಷಗಳ ನಂತರ ಏನಾದರು ಅಂತ ಹುಡುಕಿದರು. ಹಲವರಿಗೆ ನಿಜವಾದ ದೈಹಿಕ ಕಾಯಿಲೆ ಇತ್ತು, ಕೆಲವರು ತೀರಿಕೊಂಡಿದ್ದರು. ಹಿಸ್ಟೀರಿಯಾ ಅನ್ನೋ ಹೆಸರು ಡಾಕ್ಟರನಿಗೆ ಗೊತ್ತಿಲ್ಲದ್ದನ್ನ ಮುಚ್ಚಿಡುತ್ತೆ ಅಂತ ಅವರು ಖಾರವಾಗಿಯೇ ಬರೆದರು. ಆಮೇಲೆ ಪರಿಸ್ಥಿತಿ ಸುಧಾರಿಸಿತು. 2005ರಲ್ಲಿ ಜಾನ್ ಸ್ಟೋನ್ ಮತ್ತು ಸಂಗಡಿಗರು 27 ಅಧ್ಯಯನಗಳನ್ನ ಒಟ್ಟಿಗೆ ನೋಡಿದಾಗ, 1950ರ ದಶಕದಲ್ಲಿ ಸುಮಾರು ಶೇ. 29ರಷ್ಟಿದ್ದ ತಪ್ಪು ನಿರ್ಣಯ 1970ರ ನಂತರ ಶೇ. 4ರಷ್ಟಕ್ಕೆ ಇಳಿದಿತ್ತು.

ಇಳಿಕೆಯ ಜೊತೆಗೆ ಇನ್ನೊಂದು ಬದಲಾವಣೆ ಆಗಿದೆ. ‘ಬೇರೇನೂ ಸಿಗಲಿಲ್ಲ, ಅದಕ್ಕೆ ಮನಸ್ಸಿನದು’ ಅನ್ನೋದನ್ನ ಬಿಟ್ಟು, ಡಾಕ್ಟರುಗಳು ಈಗ ಖಚಿತವಾದ ಗುರುತು ಹುಡುಕ್ತಾರೆ. ಉದಾಹರಣೆಗೆ 1908ರಲ್ಲಿ ಅಮೆರಿಕದ ಹೂವರ್ ಹೇಳಿದ ಪರೀಕ್ಷೆ. ಒಂದು ಕಾಲಲ್ಲಿ ಶಕ್ತಿ ಇಲ್ಲ ಅನ್ನೋ ರೋಗಿಯನ್ನ ಮಲಗಿಸಿ ಆ ಕಾಲನ್ನ ಕೆಳಗೆ ಒತ್ತಿ ಅಂದರೆ ಆಗೋದಿಲ್ಲ. ಅದೇ ಇನ್ನೊಂದು ಕಾಲನ್ನ ಎತ್ತಿ ಅಂದಾಗ, ಶಕ್ತಿ ಇಲ್ಲದ ಕಾಲು ತಾನಾಗಿಯೇ ಕೆಳಗೆ ಒತ್ತಿದರೆ, ನರ ಮತ್ತು ಸ್ನಾಯು ಸರಿ ಇವೆ, ಅವನ್ನ ಬಳಸೋ ವ್ಯವಸ್ಥೆಯಲ್ಲಿ ತೊಡಕಿದೆ ಅಂತ ಅರ್ಥ. ಇದರಿಂದ ರೋಗಿ ಸುಳ್ಳು ಹೇಳ್ತಿದ್ದಾನೆ ಅಂತಾಗೋದಿಲ್ಲ. ‘ನೋಡ್ರಿ, ನಿಮ್ಮ ಕಾಲು ಸರಿಹೋಗಬಲ್ಲದು’ ಅಂತ ಅವನಿಗೇ ತೋರಿಸಿ ಧೈರ್ಯ ಹೇಳೋಕೆ ಈ ಪರೀಕ್ಷೆಯನ್ನ ಬಳಸ್ತಾರೆ. ಫಿಟ್ಸ್ ಥರ ಕಾಣೋದಕ್ಕೆ ವಿಡಿಯೋ ಇಇಜಿ ಇದೆ. ಫಿಟ್ಸ್ ಬಂದಾಗ ಮಿದುಳಿನ ವಿದ್ಯುತ್ ಚಟುವಟಿಕೆಯನ್ನೂ ದೇಹದ ಚಲನೆಯನ್ನೂ ಒಟ್ಟಿಗೆ ದಾಖಲಿಸಿ ಯಾವ ಬಗೆಯದು ಅಂತ ತಿಳೀತಾರೆ.

ಇದಕ್ಕೆ ಉಲ್ಟಾ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ: ಬಿಸಿನೀರಿನ ಮೂರ್ಛೆ. ತಲೆ ಮೇಲೆ ಬಿಸಿ ಬಿಸಿ ನೀರು ಸುರಿದುಕೊಂಡಾಗ ಮಾತ್ರ ಬರುವ ಫಿಟ್ಸ್. ಬಚ್ಚಲಮನೆಗೆ ಹೋದಾಗಷ್ಟೇ ಹುಡುಗ ಬೀಳ್ತಾನೆ ಅಂದರೆ ನಮ್ಮ ಕಡೆ ‘ಗಾಳಿ ಸೋಕೈತಿ’ ಅನ್ನೋಕೆ ಎಷ್ಟು ಹೊತ್ತು? ಆದರೆ ಅದು ಮಿದುಳಿನ ಕಾಯಿಲೆ. ದಕ್ಷಿಣ ಕರ್ನಾಟಕದಲ್ಲಿ ಇದು ಜಗತ್ತಿನ ಬೇರೆ ಕಡೆಗಿಂತ ಹೆಚ್ಚು. ಬೆಂಗಳೂರಿನ ನರತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು 60 ರೋಗಿಗಳ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ನೀರಿನ ಬಿಸಿ ಕಡಿಮೆ ಮಾಡೋದು, ಬೇಕಾದರೆ ಡಾಕ್ಟರು ಕೊಡುವ ಔಷಧ, ಇವುಗಳಿಂದ ಹತೋಟಿಗೆ ಬರುವಂಥದ್ದು. ಇದನ್ನ ದೆವ್ವ ಅಂದರೂ ತಪ್ಪು, ಮಾನಸಿಕ ಅಂದರೂ ತಪ್ಪು. ಕೇಳಿಸಿಕೊಂಡು, ಎಣಿಸಿ, ಪರೀಕ್ಷೆ ಮಾಡಿದವರಿಂದಲೇ ಇದು ಸರಿಯಾದ ಖಾತೆಗೆ ಬಂತು.

ಮೈಮೇಲೆ ಬರೋದು ಕಾಯಿಲೆಯೇ?

ಜಾತ್ರೆಯಲ್ಲಿ ದೇವಿ ಮೈಮೇಲೆ ಬರೋದನ್ನ ನಾವೆಲ್ಲಾ ನೋಡಿದೀವಿ. ತುಳುನಾಡಿನ ಸಿರಿ ಜಾತ್ರೆಯಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಸಿರಿಯ ಆವೇಶಕ್ಕೆ ಒಳಗಾಗ್ತಾರೆ. ಪೀಟರ್ ಕ್ಲಾಸ್ ಅನ್ನೋ ವಿದ್ವಾಂಸರು 1970ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಇದು ಕಾಯಿಲೆಯಾ?

1992ರ ಐಸಿಡಿ-10, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, ಇದಕ್ಕೆ ಒಂದು ಗೆರೆ ಎಳೀತು. ಧಾರ್ಮಿಕ ಅಥವಾ ಸಮಾಜ ಒಪ್ಪಿದ ಸಂದರ್ಭದಲ್ಲಿ ಬರೋ ಆವೇಶ ಕಾಯಿಲೆ ಅಲ್ಲ. ಅದರ ಹೊರಗೆ, ಬೇಡ ಅಂದರೂ ಬಂದು, ಬದುಕಿಗೆ ತೊಂದರೆ ಮಾಡೋದು ಮಾತ್ರ ಕಾಯಿಲೆ. ಗೆರೆ ಸರಿಯಾಗೇ ಇದೆ ಅಂತ ನನಗೆ ಅನಿಸುತ್ತೆ. ಜಾತ್ರೆಯಲ್ಲಿ ಕುಣಿದು ಮನೆಗೆ ಬಂದು ರೊಟ್ಟಿ ಬಡಿಯೋ ಅವ್ವನಿಗೆ ಡಾಕ್ಟರ್ ಬೇಕಿಲ್ಲ. ಗಂಡನ ಮನೆಗೆ ಹೋದಾಗೆಲ್ಲಾ ಹಲ್ಲು ಕಚ್ಚಿ ಬೀಳೋ ಹುಡುಗಿಗೆ ಸಹಾಯ ಬೇಕು, ಆ ಮನೆಯಲ್ಲಿ ಏನು ನಡೀತಿದೆ ಅಂತ ಕೇಳೋರೂ ಬೇಕು. ಅವಳಿಗೆ ಬೇವಿನ ಬರಲಿನಿಂದ ಹೊಡೆಯೋದು, ಮೆಣಸಿನಕಾಯಿ ಹೊಗೆ ಹಾಕೋದು ಸಹಾಯ ಅಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಹಿಂಸೆ ಮಾಡೋದು ಕರ್ನಾಟಕದ ಮೌಢ್ಯ ನಿಷೇಧ ಕಾನೂನಿನ ಪ್ರಕಾರ ಅಪರಾಧ. 2017ರಲ್ಲಿ ವಿಧಾನಮಂಡಲ ಒಪ್ಪಿದ ಈ ಕಾನೂನು 2020ರಲ್ಲಿ ಜಾರಿಗೆ ಬಂತು.

ಹೆಸರುಗಳೂ ಬದಲಾಗ್ತಾ ಬಂದಿವೆ. 1994ರ ಅಮೆರಿಕದ ಕೈಪಿಡಿಯಲ್ಲಿ ಧಾತ್, ಕೊರೊ ಇವೆಲ್ಲಾ ‘ಕಲ್ಚರ್ ಬೌಂಡ್’ ಪಟ್ಟಿಯಲ್ಲಿ ಹಿಂದಿನ ಪುಟಗಳಲ್ಲಿದ್ದವು. 2013ರ ಡಿಎಸ್ಎಂ-5ರಲ್ಲಿ ಆ ಮಾತು ಹೋಗಿ ಸಂಕಟದ ಸಾಂಸ್ಕೃತಿಕ ಪರಿಕಲ್ಪನೆ ಅನ್ನೋ ಮಾತು ಬಂತು. ರೋಗಿಯ ಸ್ವಂತ ವಿವರಣೆ ಕೇಳೋ ಸಂದರ್ಶನವೂ ಸೇರಿತು. ಕೈಪಿಡಿ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಲಕ್ಷಣಕ್ಕೆ ವೈದ್ಯಕೀಯ ಕಾರಣ ಸಿಕ್ಕಿತಾ ಇಲ್ಲವಾ ಅನ್ನೋದು ಈಗ ಮುಖ್ಯ ಅಳತೆಗೋಲಲ್ಲ, ಆ ಲಕ್ಷಣದಿಂದ ಆಗೋ ಸಂಕಟ ಎಷ್ಟು ಅನ್ನೋದು ಮುಖ್ಯ. 2022ರ ಜನವರಿಯಿಂದ ಜಾರಿಯಾದ ಐಸಿಡಿ-11ರಲ್ಲಿ ‘ಬಾಡಿಲಿ ಡಿಸ್ಟ್ರೆಸ್ ಡಿಸಾರ್ಡರ್’ ಅನ್ನೋ ಹೆಸರು. ಮೈಯ ಸಂಕಟ. ರೋಣದವರು ಎಂದಿನಿಂದಲೋ ಬಳಸ್ತಾ ಬಂದ ಪದಕ್ಕೆ ಜಿನೀವಾ ಬಂದು ತಲುಪಿದೆ.

ನಮ್ಮ ತಾಲೂಕಿಗೆ ಇದರಿಂದ ಏನು?

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನ ಜಿಲ್ಲೆ ಮಟ್ಟದಲ್ಲಿ ಹೆಂಗೆ ಮಾಡೋದು ಅಂತ ನಿಮ್ಹಾನ್ಸ್ ಪ್ರಯೋಗ ಮಾಡಿದ್ದು 1985ರಿಂದ ಬಳ್ಳಾರಿಯಲ್ಲಿ, ಅಂದರೆ ಆಗಿನ ನಮ್ಮ ಧಾರವಾಡ ಜಿಲ್ಲೆಯ ಮಗ್ಗುಲಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯನ್ನ ಅಲ್ಲೇ ಗುರುತಿಸಿ ಅಲ್ಲೇ ಔಷಧ ಕೊಡೋದು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು.

ಇದು ಈ ಚರಿತ್ರೆಗೆ ಯಾಕೆ ಮುಖ್ಯ ಅಂದರೆ, ಮೈನೋವು ಅಂತ ಬರುವ ಖಿನ್ನತೆಯ ರೋಗಿ ಮೊದಲು ಹೋಗೋದು ಮನೋವೈದ್ಯರ ಕಡೆ ಅಲ್ಲ. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ, ರೋಣದ ತಾಲೂಕು ಆಸ್ಪತ್ರೆಗೆ, ಗಜೇಂದ್ರಗಡದ ಕ್ಲಿನಿಕ್ಕಿಗೆ, ಮೆಡಿಕಲ್ ಶಾಪಿಗೆ. ಅಲ್ಲಿ ಕುಂತವರು ಎರಡು ನಿಮಿಷ ಹೆಚ್ಚಿಗೆ ಕೇಳಿದರೆ ಕಥೆ ಬೇರೆ ಆಗ್ತದೆ. ‘ಏನೂ ಆಗಿಲ್ಲ’ ಅನ್ನೋ ಬದಲು ಹೀಗೂ ಹೇಳಬಹುದಲ್ಲ: ‘ನಿಮ್ಮ ನೋವು ಖರೇನ ಐತ್ರಿ. ತಪಾಸಣಿಯೊಳಗ ಗಡ್ಡಿ, ಸೋಂಕು ಅಂಥಾದ್ದೇನೂ ಕಂಡಿಲ್ಲ, ಅದು ಚಲೋ ಸುದ್ದಿ. ನಿದ್ದಿ ಹೆಂಗ ಬರತೈತಿ? ಮನ್ಯಾಗ ಏನರ ಚಿಂತಿ ಐತೇನು?’ ಇದಕ್ಕೆ ಯಾವ ಮಷೀನೂ ಬೇಡ.

ಮನೆಯವರಿಗೂ ಎರಡು ಮಾತು. ಹೊಸದಾಗಿ ಶುರುವಾದ ಕೈಕಾಲು ಶಕ್ತಿ ಹೋಗೋದು, ಫಿಟ್ಸ್, ತೂಕ ಇಳಿಯೋದು, ಜ್ವರ, ರಕ್ತ, ಇವನ್ನ ಚಿಂತೆಯಿಂದ ಅಂತ ನೀವೇ ತೀರ್ಮಾನ ಮಾಡಬೇಡಿ, ಡಾಕ್ಟರಿಗೆ ತೋರಿಸಿ. ಸರಿಯಾಗಿ ತಪಾಸಣೆ ಆದಮೇಲೂ ನೋವು ಉಳಿದಿದ್ದರೆ ‘ನಾಟಕ ಮಾಡ್ತಾಳ’ ಅನ್ನಬೇಡಿ. ಊರೂರು ಸುತ್ತಿ ಅದೇ ಸ್ಕ್ಯಾನ್ ಮತ್ತೆ ಮತ್ತೆ ಮಾಡಿಸೋ ದುಡ್ಡಿನಲ್ಲಿ ಒಮ್ಮೆ ಮನೋವೈದ್ಯರನ್ನ ಕಂಡು ಬರಬಹುದು. ಧಾರವಾಡಕ್ಕೆ ಹೋಗೋದು ಈಗ ಚಾಷ್ಟಿಯ ಮಾತಾಗಬೇಕಿಲ್ಲ. ಹೋಗೋಕೆ ಆಗದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಬೀಳೋದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ‘ನನಗ ಖಿನ್ನತೆ ಐತಿ’ ಅಂತಲೇ ಶುರು ಮಾಡಬೇಕಿಲ್ಲ. ‘ಮೈಯೆಲ್ಲಾ ಉರಿತೈತ್ರಿ’ ಅಂತ ಶುರು ಮಾಡಿದರೂ ಸಾಕು.

ನಿಮ್ಮ ಊರಿನಲ್ಲಿ ಇಂಥ ಸಂಕಟಕ್ಕೆ ಯಾವ ಪದ ಬಳಸ್ತಾರೆ ಅಂತ ನನಗೆ ಬರೆದು ಕಳಿಸಿ. ನರಗುಂದ, ನರೇಗಲ್, ಹೊಳೆಆಲೂರು, ಎಲ್ಲಿಂದಾದರೂ ಸರಿ. ಹೆಸರು, ಮನೆತನ ಬೇಡ, ಪದ ಮಾತ್ರ ಸಾಕು. ಬಂದ ಪದಗಳನ್ನ ಇಟ್ಟುಕೊಂಡು ಮುಂದೊಂದು ಸಂಚಿಕೆ ಮಾಡೋಣ. ಬರ್ತೀನ್ರಿ, ನಮಸ್ಕಾರ.